ಹದಿನೆಂಟೋ ಎರಡೋ: ಬಾವಿಯ ಅಂಚಿನಲ್ಲಿ ನಿಂತ ಲೆಕ್ಕ

ಕಳೆದ ಶನಿವಾರ ನಾನು ಸತ್ತೇ ಹೋಗುತ್ತಿದ್ದೆ. ಕಾರಣ, ಒಂದು ಭಾಗಾಕಾರ.

ಬರೆಯುವವರ ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. ಕಾಲೇಜಿನಲ್ಲಿ ಗಣಿತ ಪಾಠ ಮಾಡುವವಳು ನಾನು. ಇದ್ದದ್ದನ್ನು ಹಿಗ್ಗಿಸಿ ಹೇಳಿದರೆ ನನಗೆ ನಿದ್ದೆ ಬರುವುದಿಲ್ಲ. (ಈಗ ಹೇಗೂ ಬರುತ್ತಿಲ್ಲ, ಅದು ಬೇರೆ ಮಾತು.) ಬಸ್ಸಿನ ಎಡಗಡೆಯ ಮುಂದಿನ ಚಕ್ರ ನಿಂತ ಜಾಗಕ್ಕೂ, ಕಟ್ಟೆಯಿಲ್ಲದ ಒಂದು ಹಳೇ ಬಾವಿಯ ಬಾಯಿಗೂ ನಡುವೆ ಇದ್ದದ್ದು ಒಂದು ಬಿಂದಿಗೆ ಇಡುವಷ್ಟು ನೆಲ. ಆ ನೆಲದಲ್ಲಿ ಒಂದು ಶೇಂಗಾ ಗಿಡವಿತ್ತು. ಅದರ ಎಲೆಗಳು ಅಲ್ಲಾಡುತ್ತಿದ್ದವು. ಗಿಡದ ಆಚೆಗೆ ಏನೂ ಇರಲಿಲ್ಲ.

ಅವತ್ತಿನಿಂದ ಚಹಾದಲ್ಲಿ ಚಮಚ ತಿರುಗಿಸಿದರೆ ಚಕ್ರ ತಿರುಗಿದ ಹಾಗೆ ಕಾಣುತ್ತದೆ. ಕುಕ್ಕರ್ ಕೂಗಿದರೆ ಬ್ರೇಕ್ ಕಿರುಚಿದ ಹಾಗೆ ಕೇಳುತ್ತದೆ. ಸೋಮವಾರ ತರಗತಿಯಲ್ಲಿ ಬೋರ್ಡಿನ ಮೇಲೆ ಭಾಗಾಕಾರದ ಚಿಹ್ನೆ ಬರೆಯಲು ಹೋದೆ. ಅಡ್ಡಗೆರೆ ಎಳೆದೆ. ಮೇಲೊಂದು ಚುಕ್ಕೆ ಇಟ್ಟೆ. ಕೆಳಗಿನ ಚುಕ್ಕೆ ಇಡುವಾಗ ಸೀಮೆಸುಣ್ಣ ಕೈಜಾರಿ ಬಿತ್ತು. ಮುಂದಿನ ಬೆಂಚಿನ ಹುಡುಗಿ ಕೇಳಿದಳು: "ಮೇಡಂ, ಶುಗರ್ ಏನಾರ ಐತಾ ನಿಮಗೆ?"

ಶುಗರ್ ಅಲ್ಲಮ್ಮಾ. ಬೋಡ್‌ಮಾಸ್.

ಮೊದಲಿನಿಂದ ಹೇಳುತ್ತೇನೆ. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೊರಟಿದ್ದೆ. ಅಲ್ಲಿರುವ ತಂಗಿಯ ಮಗಳಿಗೆ ಸೀಮಂತ. "ಸೀರೆ ಆರಿಸಾಕೆ ನೀನೇ ಬಾ" ಅಂತ ತಂಗಿ ಕರೆದಿದ್ದಳು. ನೇಯುವವರ ಮನೆಯಲ್ಲೇ ಕೂತು ಸೀರೆ ಆರಿಸುವುದೆಂದರೆ ಅರ್ಧ ದಿನದ ಕೆಲಸ. ಹಾಗಾಗಿ ಬೆಳಗ್ಗೆಯೇ ಒಂದು ಖಾಸಗಿ ಬಸ್ಸು ಹತ್ತಿದೆ. ಎರಡನೇ ಸಾಲಿನ ಕಿಟಕಿ ಪಕ್ಕ ಸೀಟು ಸಿಕ್ಕಿತು. ಅದೃಷ್ಟ ಅಂದುಕೊಂಡೆ.

ನಮ್ಮ ಕಡೆಯ ಖಾಸಗಿ ಬಸ್ಸಿನಲ್ಲಿ ಓಡಾಡಿದವರಿಗೆ ಗೊತ್ತು, ಡ್ರೈವರ್ ಪಕ್ಕ ಇಂಜಿನ್ ಮೇಲೆ ಒಂದು ಬಾನೆಟ್ ಇರುತ್ತದೆ. ಅದು ಬಾನೆಟ್ ಅಲ್ಲ, ಹರಟೆಕಟ್ಟೆ. ಅಲ್ಲಿ ಕೂರುವವರು ಖಾಯಂ ಗಿರಾಕಿಗಳು. ರಸ್ತೆಗೆ ಬೆನ್ನು, ಜನರಿಗೆ ಮುಖ. ಸೀಟು ಖಾಲಿಯಿದ್ದರೂ ಅವರು ಸೀಟಿಗೆ ಬರುವುದಿಲ್ಲ. ಕೆಳಗೆ ಇಂಜಿನ್ ಕಾಯುತ್ತಿರುತ್ತದೆ, ಮೇಲೆ ಅವರು ಕಾಯುತ್ತಿರುತ್ತಾರೆ. ಅವರಿಗೊಂದು ಕರ್ತವ್ಯವೂ ಇದೆ. ಡ್ರೈವರ್ ತೂಕಡಿಸದಂತೆ ಮಾತಾಡಿಸುತ್ತಾ ಇರುವುದು. ನೇರ ರಸ್ತೆ, ಬಯಲು, ಬಿಸಿಲು. ಮಾತಿಲ್ಲದಿದ್ದರೆ ಎಂಥವನಿಗೂ ಕಣ್ಣು ಎಳೆಯುತ್ತದೆ. ಅದಕ್ಕೇ ದಿನಕ್ಕೊಂದು ವಿಷಯ ತರುತ್ತಾರೆ. ಒಂದು ದಿನ ಮಳೆ, ಒಂದು ದಿನ ಎಲೆಕ್ಷನ್, ಒಂದು ದಿನ ಯಾರದೋ ಮನೆಯ ಜಗಳ. ಪ್ರಯಾಣಿಕರ ಪ್ರಾಣ ಉಳಿಸಲು ಮಾಡಿಕೊಂಡ ವ್ಯವಸ್ಥೆ ಇದು, ನೆನಪಿಟ್ಟುಕೊಳ್ಳಿ.

ಅವತ್ತು ಬಾನೆಟ್ ಮೇಲೆ ಇದ್ದವರು ಶಿವಣ್ಣ. ಶೇಂಗಾ ಖರೀದಿ ಮಾಡುವ ವ್ಯಾಪಾರಿ. ಬಿಳಿ ಅಂಗಿ, ಹಣೆಗೆ ವಿಭೂತಿ, ಎದೆಯ ಜೇಬಿನಲ್ಲಿ ದೊಡ್ಡ ಮೊಬೈಲು. ಸ್ಟೀರಿಂಗ್ ಹಿಡಿದಿದ್ದವರು ತಿಪ್ಪೇಸ್ವಾಮಿ. ಮೀಸೆ ಅವರಿಗಿಂತ ಅರ್ಧ ಗಂಟೆ ಮುಂಚೆ ಊರು ಸೇರುವ ಥರದ ಆಳು. ನನ್ನ ಮುಂದಿನ ಸೀಟಿನಲ್ಲಿ ಒಬ್ಬ ಅಜ್ಜಿ. ಹೆಸರು ಬೋರಮ್ಮ. ಊರು ಆಂಧ್ರದ ಗಡಿಯಂಚು, ಮಾತು ಅರ್ಧ ಕನ್ನಡ ಅರ್ಧ ತೆಲುಗು, ಬಾಯಿತುಂಬ ಎಲೆ ಅಡಿಕೆ.

ಬಸ್ಸು ಊರು ದಾಟುವ ಮೊದಲೇ ಶಿವಣ್ಣ ಮೊಬೈಲು ತೆಗೆದರು.

"ಲೇ ತಿಪ್ಪೇಶಿ, ಒಂದು ಲೆಕ್ಕ ಐತೆ. ಜಾಣರಿಗೆ ಮಾತ್ರ ಅಂತ ಬರ್ದೈತೆ. ಆದ್ರೂ ನಿನ್ನ ಕೇಳ್ತೀನಿ."

"ಕೇಳ್ರಿ, ಕೇಳ್ರಿ."

"ಹನ್ನೆರಡು ಭಾಗಿಸು ಎರಡು. ಆ ಎರಡರ ಪಕ್ಕದಾಗೇ ಬ್ರಾಕೆಟ್ಟು. ಬ್ರಾಕೆಟ್ ಒಳಗೆ ಒಂದು ಪ್ಲಸ್ ಎರಡು. ಎಷ್ಟು?"

ನೀವೂ ನೋಡಿಬಿಡಿ, ಅದು ಹೀಗಿತ್ತು: 12 ÷ 2(1+2)

ತಿಪ್ಪೇಸ್ವಾಮಿ ಗೇರ್ ಬದಲಿಸಿದರು. "ಬ್ರಾಕೆಟ್ ಒಳಗೆ ಮೂರು. ಹನ್ನೆರಡನ್ನ ಎರಡರಿಂದ ಭಾಗಿಸಿದ್ರೆ ಆರು. ಆರ್ಮೂರ್ಲಿ ಹದಿನೆಂಟು. ಇದೇನ್ರಿ ದೊಡ್ಡ ಲೆಕ್ಕ?"

"ಬಿದ್ದೆ ನೋಡು ಹಳ್ಳಕ್ಕೆ." ಶಿವಣ್ಣ ತೊಡೆ ತಟ್ಟಿದರು. "ಎರಡು ಬ್ರಾಕೆಟ್ಟಿಗೆ ಅಂಟ್ಕಂಡೈತಲೇ. ಅಂಟ್ಕಂಡಿದ್ದನ್ನ ಮೊದ್ಲು ಗುಣಿಸ್ಬೇಕು. ಎರಡ್ಮೂರ್ಲಿ ಆರು. ಹನ್ನೆರಡನ್ನ ಆರರಿಂದ ಭಾಗಿಸು. ಎರಡು."

ಹಿಂದೆ ಟಿಕೆಟ್ ಹರಿಯುತ್ತಿದ್ದ ಕಂಡಕ್ಟರ್ ಓಬಳೇಶ ಅಲ್ಲಿಂದಲೇ ಕೂಗಿದ: "ಶಿವಣ್ಣ, ಬೋಡ್‌ಮಾಸ್ ಮರ್ತ್ರಾ? ಎಡದಿಂದ ಬಲಕ್ಕೆ ಬರ್ಬೇಕು. ಹದಿನೆಂಟೇ."

"ಬೋಡ್‌ಮಾಸ್‌ನಾಗೆ ಓ ಅಂದ್ರೆ ಏನಲೇ? ಆಫ್. ಅಂದ್ರೆ ಹಿಂಗೆ ಅಂಟ್ಕಂಡಿರೋದರ ಗುಣಾಕಾರ. ಅದು ಭಾಗಾಕಾರಕ್ಕಿಂತ ಮುಂಚೆ ಬರ್ತೈತೆ."

(ಬೋಡ್‌ಮಾಸ್ ಅಂದರೆ ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ನಂತರ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿಸುವ ಸೂತ್ರ. ಶಾಲೆಯಲ್ಲಿ ಕಲಿತ ಮಿಕ್ಕಿದ್ದೆಲ್ಲ ಮರೆತವರಿಗೂ ಇದೊಂದು ನೆನಪಿರುತ್ತದೆ. ಜಗಳಕ್ಕೆ ಬೇಕಾಗುತ್ತದೆ.)

ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಶಿವಣ್ಣನವರ ಎದೆಯಲ್ಲಿ ಒಂದು ಗಾಯವಿತ್ತು. ಈ ಲೆಕ್ಕ ಅವರಿಗೆ ಬಂದದ್ದು ಮನೆಯವರ ವಾಟ್ಸಾಪ್ ಗುಂಪಿನಲ್ಲಿ. ಅವರು "ಎರಡು" ಅಂತ ಹಾಕಿದರು. ಅಳಿಯ "ಹದಿನೆಂಟು" ಅಂತ ಹಾಕಿದ. ಹಾಕಿ ಸುಮ್ಮನಿದ್ದನೇ? ಕಣ್ಣಲ್ಲಿ ನೀರು ಬರುವಂತೆ ನಗುವ ಒಂದು ಹಳದಿ ಮುಖವನ್ನೂ ಹಾಕಿದ. ಮಾವನಿಗೆ. ಎಲ್ಲರ ಎದುರಿಗೆ.

"ಹೆಣ್ಣು ಕೊಟ್ಟ ಮಾವನಿಗೆ ನಗೋ ಮುಖ ಕಳಿಸ್ತಾನೆ," ಅಂದರು ಶಿವಣ್ಣ. ಬಸ್ಸಿನಲ್ಲಿ ಅಯ್ಯೋ ಅನ್ನುವ ಸದ್ದು ಬಂತು. ಎರಡು ಅನ್ನುವವರ ಪಕ್ಷಕ್ಕೆ ಮೊದಲ ಬೆಂಬಲ ಸಿಕ್ಕಿದ್ದು ಗಣಿತದಿಂದ ಅಲ್ಲ, ಆ ಮುಖದಿಂದ.

ದಾರಿಯಲ್ಲಿ ತಳಕು ಊರು ಬರುವಷ್ಟರಲ್ಲಿ ಬಸ್ಸು ಎರಡು ಭಾಗವಾಗಿತ್ತು. ಬಲಗಡೆ ಸೀಟಿನವರು ಹದಿನೆಂಟು. ಎಡಗಡೆಯವರು ಎರಡು. ತಳಕಿನಲ್ಲಿ ಹತ್ತಿದವರನ್ನು ಓಬಳೇಶ ಬಾಗಿಲಲ್ಲೇ ತಡೆದು ಲೆಕ್ಕ ಹೇಳಿ, ಉತ್ತರ ಕೇಳಿ, ಆಮೇಲೆ ಸೀಟು ತೋರಿಸುತ್ತಿದ್ದ. ಈರುಳ್ಳಿ ಚೀಲ ಹೊತ್ತು ಬಂದ ಒಬ್ಬಾತ "ನನಗೆ ಲೆಕ್ಕ ಬರಲ್ಲಣ್ಣ" ಅಂದ. ಅವನಿಗೆ ಕಡೆಯವರೆಗೂ ಕೂರಲು ಜಾಗವೇ ಸಿಗಲಿಲ್ಲ.

ಧ್ವನಿಗಳು ಏರಿದವು. ಒಬ್ಬರು ಇನ್ನೊಬ್ಬರ ಶಾಲೆ ಬೈದರು. ಶಾಲೆ ಆದಮೇಲೆ ಊರು ಬೈದರು. ಆಗ ತಿಪ್ಪೇಸ್ವಾಮಿ ಒಂದು ಕೈ ಸ್ಟೀರಿಂಗ್ ಮೇಲಿಟ್ಟು, ಇನ್ನೊಂದು ಕೈ ಮೀಸೆಯ ಮೇಲಿಟ್ಟರು.

"ಶಿವಣ್ಣ, ಹದಿನೆಂಟು ಅಲ್ಲ ಅಂತಾದ್ರೆ ಈ ಮೀಸೆ ಬೋಳಿಸ್ತೀನಿ."

ಶಿವಣ್ಣ ಹಿಂಜರಿಯಲಿಲ್ಲ. "ಎರಡು ಅಲ್ಲ ಅಂತಾದ್ರೆ ನಾನು ಅಳಿಯಂಗೆ ಫೋನ್ ಮಾಡಿ, ನಂದು ತಪ್ಪಾಯ್ತು ಅಂತೀನಿ."

ಇದು ಮೀಸೆಗಿಂತ ದೊಡ್ಡ ಪಣ ಎಂದು ಎಲ್ಲರಿಗೂ ಅರ್ಥವಾಯಿತು. ಮೀಸೆ ಮತ್ತೆ ಬೆಳೆಯುತ್ತದೆ.

ನಾನೇನು ಮಾಡುತ್ತಿದ್ದೆ ಅಂತ ಕೇಳುತ್ತೀರಾ? ಸೆರಗನ್ನು ಮೂಗಿನವರೆಗೆ ಎಳೆದುಕೊಂಡು, ಕಿಟಕಿಯಾಚೆ ಶೇಂಗಾ ಹೊಲ ನೋಡುತ್ತಾ, ಗಣಿತದ ಜೊತೆ ನನಗೆ ಯಾವ ಸಂಬಂಧವೂ ಇಲ್ಲದವಳ ಹಾಗೆ ಕೂತಿದ್ದೆ.

ನಿಜ ಹೇಳಬೇಕೆಂದರೆ ಒಳಗೊಳಗೇ ಹೊಟ್ಟೆಕಿಚ್ಚೂ ಆಗುತ್ತಿತ್ತು. ಲೆಕ್ಕಕ್ಕೆ ಜನ ಇಷ್ಟು ಬಿಸಿಯಾಗುತ್ತಾರೆಯೇ? ನನ್ನ ತರಗತಿಯಲ್ಲಿ ಯಾಕೆ ಆಗುವುದಿಲ್ಲ?

ಎಂ.ಎಸ್ಸಿ. ಓದುವಾಗ ಒಂದು ಸಮೀಕರಣ ನೋಡಿ ನಾನು ಅತ್ತಿದ್ದೇನೆ. ಒಂದು, ಸೊನ್ನೆ, ವೃತ್ತದೊಳಗಿನ ಪೈ, ಬೆಳವಣಿಗೆಯ ಲೆಕ್ಕದಲ್ಲಿ ಬರುವ ಇ, ಜೊತೆಗೆ ಕಾಲ್ಪನಿಕ ಸಂಖ್ಯೆ ಐ. ಜನ್ಮದಲ್ಲಿ ಒಬ್ಬರನ್ನೊಬ್ಬರು ನೋಡದ ಐದು ಮಂದಿ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತ ಹಾಗಿತ್ತು ಅದು. ಯಾರೂ ಕರೆಯದೆ, ಯಾರೂ ಕೂರಿಸದೆ, ತಾವಾಗಿ ಬಂದು ಕೂತಿದ್ದರು. ಹಾಸ್ಟೆಲಿನಿಂದ ಊರಿಗೆ ಬಂದಾಗಲೂ ಅದನ್ನು ನೆನೆದು ಕಣ್ಣು ಒದ್ದೆಯಾಯಿತು. ಅವ್ವ ನೋಡಿಬಿಟ್ಟಳು.

"ಯಾರವ್ವಾ ಅವನು?"

"ಅವನಲ್ಲವ್ವಾ. ಸಮೀಕರಣ."

"ಯಾವ ಊರೋರು?"

ಅವತ್ತಿನಿಂದ ನಾನು ಗಣಿತಕ್ಕೆ ಅಳುವುದನ್ನು ಮನೆಯವರ ಮುಂದೆ ಮಾಡುವುದಿಲ್ಲ.

ಇನ್ನು ಬಗೆಹರಿಯದ ದೊಡ್ಡ ಪ್ರಶ್ನೆಗಳು. ಎರಡಕ್ಕಿಂತ ದೊಡ್ಡದಾದ ಯಾವುದೇ ಸಮಸಂಖ್ಯೆ ತೆಗೆದುಕೊಳ್ಳಿ. ಅದನ್ನು ಎರಡು ಅವಿಭಾಜ್ಯ ಸಂಖ್ಯೆಗಳ ಮೊತ್ತವಾಗಿ ಬರೆಯಬಹುದು. ಹತ್ತು ಅಂದರೆ ಮೂರು ಮತ್ತು ಏಳು. ಹದಿನೆಂಟು ಅಂದರೆ ಐದು ಮತ್ತು ಹದಿಮೂರು. ಎಷ್ಟು ದೂರ ಹೋದರೂ ಹೀಗೇ ಆಗುತ್ತಾ ಬಂದಿದೆ. ಕೊನೆಯಿಲ್ಲದೆ ಹೀಗೇ ಆಗುತ್ತದೆಯೇ? ಯಾರಿಗೂ ಗೊತ್ತಿಲ್ಲ. ಶತಮಾನಗಳಿಂದ ಘಟಾನುಘಟಿಗಳು ತಲೆ ಕೆಡಿಸಿಕೊಂಡು ಕೂತಿದ್ದಾರೆ. ಮಗ್ಗಿ ಬಂದರೆ ಅರ್ಥವಾಗುವ ಪ್ರಶ್ನೆ, ಭೂಮಿಯ ಮೇಲೆ ಉತ್ತರ ಗೊತ್ತಿರುವ ಮನುಷ್ಯ ಇಲ್ಲ. ಇದನ್ನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇನೆ. ಹೇಳುವಾಗ ನನ್ನ ಮೈಮೇಲೆ ಮುಳ್ಳೇಳುತ್ತದೆ. ಪ್ರತಿ ವರ್ಷ ಒಂದು ಕೈ ಮೇಲೇಳುತ್ತದೆ.

"ಮೇಡಂ, ಇದು ಎಕ್ಸಾಮಿಗೆ ಬರ್ತೈತಾ?"

ಈ ಪ್ರಶ್ನೆಗಾಗಿ ಇದುವರೆಗೆ ಯಾರೂ ಮೀಸೆ ಪಣಕ್ಕಿಟ್ಟಿಲ್ಲ. ಯಾರೂ ಅಳಿಯನ ಜೊತೆ ಮಾತು ಬಿಟ್ಟಿಲ್ಲ. ಯಾಕೆ? ಅಲ್ಲಿ ಎಲ್ಲರೂ ಸಮಾನ ಅಜ್ಞಾನಿಗಳು. ಪಕ್ಕದವನನ್ನು ದಡ್ಡ ಅನ್ನುವ ಅವಕಾಶವೇ ಇಲ್ಲ. ಅಂಥ ಲೆಕ್ಕದಲ್ಲಿ ಏನು ಸುಖ?

ಹೀಗೆ ತತ್ವಜ್ಞಾನ ಮಾಡುತ್ತಿದ್ದವಳನ್ನು ಓಬಳೇಶ ಹಿಡಿದುಹಾಕಿದ. ಅವನ ತಂಗಿ ನಮ್ಮ ಕಾಲೇಜಿನಲ್ಲಿ ಓದುತ್ತಾಳಂತೆ.

"ಲೇ, ಯಾಕೆ ಬಡ್ಕಂತೀರ? ಮೇಡಂ ಇಲ್ಲೇ ಅದಾರೆ. ಕಾಲೇಜಿನಾಗೆ ಲೆಕ್ಕನೇ ಹೇಳ್ಕೊಡೋದು."

ಎಲ್ಲ ತಲೆಗಳೂ ನನ್ನ ಕಡೆ ತಿರುಗಿದವು. ನ್ಯಾಯಾಲಯದಲ್ಲಿ ತೀರ್ಪಿಗೆ ಕಾಯುವವರ ಮುಖಗಳು. ಶಿವಣ್ಣ ಕೈ ಮುಗಿದರು. "ಹೇಳ್ರಿ ಮೇಡಂ. ಎರಡೋ ಹದಿನೆಂಟೋ? ನಾವು ಒಪ್ಕಂತೀವಿ."

ನಾನು ಸೆರಗು ಕೆಳಗಿಳಿಸಿದೆ. ಓದಿದ ಸೊಕ್ಕು ಅನ್ನಿ, ಪಾಠ ಮಾಡುವ ಚಟ ಅನ್ನಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಎರಡೂ ಅಲ್ಲ, ಹದಿನೆಂಟೂ ಅಲ್ಲ. ಪ್ರಶ್ನೆಯನ್ನೇ ಸರಿಯಾಗಿ ಬರೆದಿಲ್ಲ. ಇನ್ನೊಂದು ಬ್ರಾಕೆಟ್ ಹಾಕಬೇಕಿತ್ತು. ಅದು ಇಲ್ಲದೆ ಹೀಗೂ ಓದಬಹುದು, ಹಾಗೂ ಓದಬಹುದು. ಪ್ರಶ್ನೆಯೇ ತಪ್ಪು."

ಅಷ್ಟು ಹೊತ್ತು ಕಚ್ಚಾಡುತ್ತಿದ್ದ ಎಡಗಡೆಯವರೂ ಬಲಗಡೆಯವರೂ ಒಂದಾದರು. ನನ್ನ ವಿರುದ್ಧ. "ಪ್ರಶ್ನೆ ಹೆಂಗ್ರಿ ತಪ್ಪಾಗುತ್ತೆ?" "ಉತ್ತರ ಗೊತ್ತಿಲ್ಲ ಅಂತ ಹೇಳ್ಬೋದಲ್ಲ." "ಇವರ ಹತ್ರ ಮಕ್ಳು ಏನು ಕಲೀತಾವೋ."

ಮತ್ತು ತಿಪ್ಪೇಸ್ವಾಮಿ.

ಅವರ ಮುಂದೆ ಕನ್ನಡಿ ಇತ್ತು. ಕನ್ನಡಿಯಲ್ಲಿ ನಾನು ಕಾಣುತ್ತಿದ್ದೆ. ಆದರೆ ಮೀಸೆಯನ್ನೇ ಪಣವಿಟ್ಟ ಮನುಷ್ಯನಿಗೆ, ನೀನು ಪಣವಿಟ್ಟ ಪ್ರಶ್ನೆಯೇ ಇಲ್ಲ ಅಂದರೆ, ಅದನ್ನು ಅಂದವಳ ಮುಖವನ್ನು ಕನ್ನಡಿಯಲ್ಲಿ ನೋಡಿದರೆ ಸಾಕಾಗುತ್ತದೆಯೇ? ಅವರು ಸೀಟಿನಲ್ಲಿ ಪೂರ್ತಿ ತಿರುಗಿದರು. ಸೊಂಟ, ಭುಜ, ತಲೆ, ಮೀಸೆ, ಎಲ್ಲವೂ ಹಿಂದಕ್ಕೆ.

"ಏನಂದ್ರಿ ಮೇಡಂ? ಪ್ರಶ್ನೆನೇ ತಪ್ಪಾ?"

ಬಾನೆಟ್ ಮೇಲಿದ್ದವರು ಮೊದಲೇ ರಸ್ತೆಗೆ ಬೆನ್ನು ಹಾಕಿದ್ದರು. ನಾವೆಲ್ಲ ಡ್ರೈವರ್ ಮುಖ ನೋಡುತ್ತಿದ್ದೆವು. ಆ ಗಳಿಗೆಯಲ್ಲಿ ಇಡೀ ಬಸ್ಸಿನಲ್ಲಿ ರಸ್ತೆ ನೋಡುತ್ತಿದ್ದ ಪ್ರಾಣಿ ಒಂದೇ. ಬೋರಮ್ಮಜ್ಜಿ.

"ಒರೇಯ್, ಮುಂದರ ಚೂಡ್ರಾ. ಗೊರ್ರೆಲು, ಗೊರ್ರೆಲು."

ಮುಂದೆ ನೋಡೋ, ಕುರಿಗಳು ಅಂತ. ತೆಲುಗು ಬಾರದವರಿಗೂ ಅರ್ಥವಾಗುವ ಧ್ವನಿಯಲ್ಲಿ.

ರಸ್ತೆ ತುಂಬ ಕುರಿ. ತಿಪ್ಪೇಸ್ವಾಮಿ ಸ್ಟೀರಿಂಗ್ ಎಡಕ್ಕೆ ಎಳೆದರು. ಬಸ್ಸು ರಸ್ತೆಯಿಂದ ಇಳಿಯಿತು. ಕಿಟಕಿಯಲ್ಲಿ ಆಕಾಶ ಕಂಡಿತು, ಆಮೇಲೆ ಬರೀ ಕೆಂಪು ಮಣ್ಣು. ಕೆಳಗೆ ಶೇಂಗಾ ಗಿಡಗಳು ಚರಚರ ಕಿತ್ತುಬರುವ ಸದ್ದು. ಯಾರದೋ ಈರುಳ್ಳಿ ಉರುಳಿ ಬಂದು ನನ್ನ ಕಾಲಿಗೆ ಬಡಿಯಿತು. ಬ್ರೇಕ್ ಕಿರುಚಿತು. ಬಸ್ಸು ಎಡಕ್ಕೆ ವಾಲಿ ನಿಂತಿತು.

ಎಲ್ಲರಿಗಿಂತ ಮೊದಲು ಎದ್ದವಳು ನಾನು. ಓದಿದವರಿಗೆ ಜೀವಭಯ ಜಾಸ್ತಿ ಇರಬೇಕು. ಮುಂದಿನ ಬಾಗಿಲಿಗೆ ಹೋದೆ. ಅದು ಚಕ್ರಕ್ಕಿಂತ ಮುಂದಿದೆ. ಮೆಟ್ಟಿಲಿಳಿದು ಒಂದು ಕಾಲು ಹೊರಗಿಟ್ಟೆ.

ಕಾಲಿಗೆ ನೆಲ ಸಿಗಲಿಲ್ಲ.

ಕೆಳಗೆ ನೋಡಿದೆ. ಕಲ್ಲಿನ ಗೋಡೆ, ಗೋಡೆಯ ಸಂದಿಯಲ್ಲಿ ಹುಲ್ಲು, ತುಂಬಾ ಕೆಳಗೆ ಹಸಿರುಗಟ್ಟಿದ ನೀರು. ನೀರಿನಲ್ಲಿ ಬಸ್ಸಿನ ಮೂತಿ. ಬಾವಿಯೊಳಗಿಂದ ಎರಡು ಪಾರಿವಾಳ ಪಟಪಟನೆ ಮೇಲೆದ್ದು ನನ್ನ ಮುಖದ ಪಕ್ಕವೇ ಹಾರಿಹೋದವು. ಹಿಂದಿನಿಂದ ಯಾರೋ ನನ್ನ ಸೆರಗು ಹಿಡಿದು ಜಗ್ಗಿದರು.

"ಎಲ್ಲಿಗ್ ಹೋಗ್ತೀಯವ್ವಾ? ಅದು ಬಾವಿ."

ಬೋರಮ್ಮಜ್ಜಿ. ಬಾಯಲ್ಲಿ ಇನ್ನೂ ಎಲೆ ಅಡಿಕೆ ಇತ್ತು.

ಆ ಕಾಲನ್ನು ನಾನು ಇನ್ನೂ ಒಳಗೆಳೆದುಕೊಂಡಿಲ್ಲ ಅನಿಸುತ್ತದೆ. ಹಾಸಿಗೆಯಿಂದ ಇಳಿಯುವಾಗ ನೆಲ ಇದೆಯೇ ಅಂತ ಮೊದಲು ಕಾಲ ಹೆಬ್ಬೆರಳಿನಿಂದ ಮುಟ್ಟಿ ನೋಡುತ್ತೇನೆ.

ಎಲ್ಲರೂ ಹಿಂದಿನ ಬಾಗಿಲಿಂದ ಇಳಿದೆವು. ಒಬ್ಬೊಬ್ಬರಾಗಿ, ಉಸಿರು ಹಿಡಿದುಕೊಂಡು, ಬಸ್ಸು ಅಲುಗಾಡದ ಹಾಗೆ. ಯಾರಿಗೂ ಏನೂ ಆಗಿರಲಿಲ್ಲ. ಓಬಳೇಶನ ಮೊಣಕೈ ತರಚಿತ್ತು. ಕುರಿಗಳೂ ಕ್ಷೇಮ. ರಸ್ತೆಯ ಮೇಲೆ ನಿಂತು ನಮ್ಮನ್ನೇ ನೋಡುತ್ತಿದ್ದವು. ಕೆಲವರು ಅತ್ತರು. ತಿಪ್ಪೇಸ್ವಾಮಿ ನೆಲದ ಮೇಲೆ ಕುಕ್ಕರಿಸಿ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. ನೀರಿನ ಬಾಟಲಿ ಕೈಯಿಂದ ಕೈಗೆ ಹೋಯಿತು. ಬದುಕು ಎಷ್ಟು ಕ್ಷಣಿಕ ಅಂತ ಯಾರಾದರೂ ಹೇಳುತ್ತಾರೆ ಅಂದುಕೊಂಡೆ.

ಶಿವಣ್ಣ ನೀರು ಕುಡಿದು, ಬಾಯಿ ಒರೆಸಿಕೊಂಡು, ನನ್ನ ಹತ್ತಿರ ಬಂದರು.

"ಮೇಡಂ, ಪ್ರಶ್ನೆ ತಪ್ಪು ಅಂದ್ರಲ್ಲ. ಏನರ್ಥ?"

ಬಾವಿಯ ಪಕ್ಕದಲ್ಲಿ. ಸತ್ಯವಾಗಿ ಹೇಳುತ್ತಿದ್ದೇನೆ.

ನಾನು ಉತ್ತರಿಸುವ ಮೊದಲೇ ಓಬಳೇಶ ಒಂದು ಕಡ್ಡಿ ತಗೊಂಡು ಕೆಂಪು ಮಣ್ಣಿನ ಮೇಲೆ ಲೆಕ್ಕ ಬರೆದ. ಸುತ್ತ ಜನ ಸೇರಿದರು. ಕಣ್ಣೀರು ಒರೆಸಿಕೊಂಡವರೂ ಬಂದರು. ಕುರಿ ಕಾಯುವಾತ ಹೊಲಕ್ಕಿಳಿದು ಬಂದು ಎಲ್ಲರ ಭುಜದ ಮೇಲಿಂದ ಇಣುಕಿದ. ಮತ್ತೆ ಎಡಪಕ್ಷ, ಬಲಪಕ್ಷ. ಸಾವು ಬಂದು ಬಾಗಿಲು ತಟ್ಟಿ ಹೋದರೂ ಅವರ ಉತ್ತರ ಬದಲಾಗಿರಲಿಲ್ಲ. ನನಗೆ ಗೌರವವೇ ಬಂತು.

ಅಷ್ಟರಲ್ಲಿ ಫೋನ್ ಹೋಗಿತ್ತು. ಬಸ್ಸಿನ ಮಾಲೀಕರು ಜೀಪಿನಲ್ಲಿ ಬರುತ್ತಿದ್ದಾರೆ ಅಂತ ಸುದ್ದಿ ಬಂತು. ಹೆಸರು ರುದ್ರಪ್ಪ. ತಿಪ್ಪೇಸ್ವಾಮಿಯ ಮುಖ ಬಿಳಿಚಿಕೊಂಡಿತು.

"ಬಾನೆಟ್ ಮೇಲೆ ಮಾತು ಬ್ಯಾಡ ಅಂತ ಹೋದ ಸಲವೇ ಹೇಳಿದ್ರು," ಅಂದರು ಓಬಳೇಶನಿಗೆ, ಸಣ್ಣ ದನಿಯಲ್ಲಿ. "ಕೆಲ್ಸ ಹೋತು ಬಿಡು. ಮಗಳು ನರ್ಸಿಂಗ್ ಓದ್ತೈತೆ."

ಓಬಳೇಶ ಎಲ್ಲರ ಕಡೆ ತಿರುಗಿದ. "ನೋಡ್ರಪ್ಪಾ, ಓನರ್ ಕೇಳಿದ್ರೆ ಕುರಿ ಅಡ್ಡ ಬಂದ್ವು ಅಂತ ಹೇಳ್ರಿ. ಅಷ್ಟೇ. ಲೆಕ್ಕದ ಮಾತು ಯಾರೂ ಎತ್ಬ್ಯಾಡ್ರಿ."

ಈ ಒಂದು ಉತ್ತರಕ್ಕೆ ಮಾತ್ರ ಎರಡೂ ಪಕ್ಷದವರು ಸರ್ವಾನುಮತದಿಂದ ಒಪ್ಪಿದರು.

ಜೀಪು ಬಂತು. ರುದ್ರಪ್ಪ ಇಳಿದು ಮೊದಲು ಬಸ್ಸು ನೋಡಿದರು, ಆಮೇಲೆ ಬಾವಿ ನೋಡಿದರು, ಆಮೇಲೆ ತಿಪ್ಪೇಸ್ವಾಮಿಯನ್ನು ನೋಡಿದರು. "ಏನಾತು?"

"ಕುರಿ," ಅಂದಿತು ಜನ.

"ಕುರಿ ಈ ರಸ್ತೆಗೆ ಇವತ್ತು ಬಂದಾವೇನ್ರಿ? ದಿನಾ ಬರ್ತಾವೆ." ಅವರ ಕಣ್ಣು ನನ್ನ ಮೇಲೆ ಬಿತ್ತು. ಕನ್ನಡಕ, ಹೆಗಲಿಗೆ ಬ್ಯಾಗು. "ಮೇಡಂ, ನೀವು ಓದಿದೋರು ಕಾಣ್ತೀರಿ. ನೀವು ಹೇಳ್ರಿ. ಏನಾತು?"

ತಿಪ್ಪೇಸ್ವಾಮಿ ನನ್ನನ್ನು ನೋಡಿದರು. ಮಗಳ ನರ್ಸಿಂಗ್ ಆ ಕಣ್ಣಲ್ಲಿತ್ತು. ನನ್ನ ಕಾಲು ಇನ್ನೂ ಬಾವಿಯ ಮೇಲೆ ಗಾಳಿಯಲ್ಲಿತ್ತು. ಕುರಿಗಳೋ, ಪಾಪ, ಏನೂ ತಿಳಿಯದೆ ಹುಲ್ಲು ತಿನ್ನುತ್ತಿದ್ದವು.

"ಇವರು ಹಿಂದಕ್ಕೆ ತಿರುಗಿ ನನ್ನ ಹತ್ತಿರ ಮಾತಾಡಿದರು," ಅಂದೆ. "ನಾನು ಏನೋ ಹೇಳಿದೆ, ಅದಕ್ಕೆ. ಒಂದು ಲೆಕ್ಕದ ವಿಷಯ."

ಜನರ ಗುಂಪಿನಿಂದ ಒಂದು ನಿಟ್ಟುಸಿರು ಹೊರಟಿತು. ಪ್ರಶ್ನೆಯೇ ತಪ್ಪು ಅಂದಾಗಲೂ ಅವರು ನನ್ನನ್ನು ಇಷ್ಟು ದ್ವೇಷಿಸಿರಲಿಲ್ಲ.

"ಲೆಕ್ಕ? ಯಾವ ಲೆಕ್ಕ?"

ಕುರಿ ಕಾಯುವಾತ ಕೋಲಿನಿಂದ ಮಣ್ಣು ತೋರಿಸಿದ.

ರುದ್ರಪ್ಪ ಬಗ್ಗಿ ನೋಡಿದರು. ಹಣೆಯ ಗೆರೆಗಳು ಬೇರೆ ಥರ ಸೇರಿಕೊಂಡವು. ಪಂಚೆ ಎತ್ತಿ ಕಟ್ಟಿ ಕುಕ್ಕರಗಾಲಲ್ಲಿ ಕೂತರು. ತುಟಿಗಳು ಅಲ್ಲಾಡಿದವು. ಬಸ್ಸು ಅವರ ಹಿಂದೆ ಬಾವಿಯ ಮೇಲೆ ಮೂತಿ ಚಾಚಿಕೊಂಡು ನಿಂತಿತ್ತು. ಅದು ಅವರಿಗೆ ಮರೆತೇಹೋಗಿತ್ತು.

"ಎರಡು," ಅಂದರು ಕೊನೆಗೆ.

ಎದ್ದು ನಿಂತರು. "ನೀನೆಷ್ಟು ಅಂದ್ಯೋ ತಿಪ್ಪೇಸ್ವಾಮಿ?"

ಇಲ್ಲಿ ಸ್ವಲ್ಪ ನಿಲ್ಲಿ. ಆ ಮನುಷ್ಯನ ಸ್ಥಿತಿ ಯೋಚಿಸಿ. ಹದಿನೆಂಟು ಅಂದರೆ ಮೀಸೆ ಉಳಿಯುತ್ತದೆ, ಕೆಲಸ ಹೋಗುತ್ತದೆ. ಎರಡು ಅಂದರೆ ಕೆಲಸ ಉಳಿಯುತ್ತದೆ, ಮೀಸೆ ಹೋಗುತ್ತದೆ. ಇಷ್ಟು ಕಠಿಣವಾದ ಪ್ರಶ್ನೆಪತ್ರಿಕೆಯನ್ನು ನಾನು ಯಾವ ವಿದ್ಯಾರ್ಥಿಗೂ ಕೊಟ್ಟಿಲ್ಲ.

ಅವರ ಕೈ ಮೀಸೆಯವರೆಗೆ ಹೋಯಿತು. ತುದಿ ಮುಟ್ಟಿತು. ಕೆಳಗಿಳಿಯಿತು.

"ಎರಡೇ ಸಾರ್."

"ನೋಡ್ದಾ? ಹದಿನೆಂಟು ಅಂತ ಬಡ್ಕೊಳ್ಳೋ ತಲೆ ಇಲ್ಲದೋರ ಕೈಗೆ ನಾನು ಬಸ್ ಕೊಡಲ್ಲ." ರುದ್ರಪ್ಪನವರ ಸಿಟ್ಟು ಇಳಿದಿತ್ತು. "ಇನ್ನೊಂದ್ಸಲ ಹಿಂದಕ್ಕೆ ತಿರುಗ್ಬ್ಯಾಡ. ಟ್ರ್ಯಾಕ್ಟರ್ ಕರೆಸ್ತೀನಿ."

"ನಾನೂ ಎರಡೇ ಅಂದಿದ್ದು ಸಾರ್," ಅಂದ ಓಬಳೇಶ, ತರಚಿದ ಮೊಣಕೈಗೆ ಉಫ್ ಅಂತ ಊದುತ್ತಾ. ಬಲಗಡೆ ಸೀಟಿನವರೆಲ್ಲ ತಲೆಯಾಡಿಸಿದರು. ಬೋಡ್‌ಮಾಸ್‌ನ ಕೊನೆಯ ನಿಯಮ ಇದು, ಶಾಲೆಯಲ್ಲಿ ಹೇಳಿಕೊಡುವುದಿಲ್ಲ. ಸಂಬಳ ಕೊಡುವವರದ್ದನ್ನು ಮೊದಲು ಮಾಡಬೇಕು.

ನಾನು ನೋಡುತ್ತಿದ್ದದ್ದು ಶಿವಣ್ಣನವರನ್ನು. ಗೆದ್ದಿದ್ದರು. "ಸುಳ್ಳು ಹೇಳ್ತಾನೆ, ಹದಿನೆಂಟು ಅಂದಿದ್ದ" ಅನ್ನಲು ಬಾಯಿ ತೆರೆದರು. ಖಂಡಿತ ತೆರೆದರು, ನಾನು ನೋಡಿದೆ. ತಿಪ್ಪೇಸ್ವಾಮಿಯ ಮುಖ ನೋಡಿ ಮುಚ್ಚಿಕೊಂಡರು. ರುದ್ರಪ್ಪ ಫೋನು ಹಿಡಿದು ಅತ್ತ ಹೋದಮೇಲೆ ಮೆಲ್ಲಗೆ ಅಂದರು: "ಕೆಲ್ಸ ಉಳೀತಲ್ಲ ತಿಪ್ಪೇಶಿ. ಮೀಸೆ ವಿಚಾರ ಹಾನಗಲ್ ಕ್ರಾಸ್ ದಾಟಿದ್ಮೇಲೆ ನೋಡಾಣ."

ರುದ್ರಪ್ಪ ಜೀಪು ಹತ್ತುವ ಮೊದಲು ನನ್ನನ್ನೂ ಕೇಳಿದರು. "ಎರಡೇ ಅಲ್ವಾ ಮೇಡಂ?"

ಪ್ರಶ್ನೆಯೇ ತಪ್ಪು ಎಂದು ಇನ್ನೊಮ್ಮೆ ಹೇಳುವ ಧೈರ್ಯ ಬರಲಿಲ್ಲ. ಜೀಪಿನ ಹಿಂದೆ ಇನ್ನೊಂದು ಬಾವಿ ಇರಬಹುದಲ್ಲ.

ಆಮೇಲೆ ಯೋಚಿಸಿದೆ. ನಾವು ದಿನವಿಡೀ ಕಿತ್ತಾಡುವ ಪ್ರಶ್ನೆಗಳೆಲ್ಲ ಹೀಗೇ ಅಲ್ಲವೇ? ಟೀವಿಯಲ್ಲಿ ಸಂಜೆಯಾದರೆ ಆ ಕಡೆಯೋ ಈ ಕಡೆಯೋ ಅಂತ ಗಂಟಲು ಹರಿದುಕೊಳ್ಳುತ್ತಾರೆ. ಮನೆಯಲ್ಲಿ ಸೊಸೆ ಸರಿಯೋ ಅತ್ತೆ ಸರಿಯೋ. ಮಗ ಸೈನ್ಸ್ ತಗೊಂಡರೆ ಜಾಣ, ಆರ್ಟ್ಸ್ ತಗೊಂಡರೆ ದಡ್ಡ. ಒಂದು ಬ್ರಾಕೆಟ್ ಹಾಕಿದರೆ ಅರ್ಧ ಜಗಳ ಮುಗಿಯುತ್ತದೆ. ಬ್ರಾಕೆಟ್ ಹಾಕಲು ಯಾರಿಗೂ ಪುರುಸೊತ್ತಿಲ್ಲ. ಹಾಕೋಣ ಅಂದವರ ಮೇಲೆ ಎರಡೂ ಕಡೆಯವರಿಗೆ ಸಿಟ್ಟು. ಅಷ್ಟು ಹೊತ್ತಿನಿಂದ ಬೆಳೆಸಿಕೊಂಡ ಸಿಟ್ಟನ್ನು ಎಲ್ಲಿಗೆ ಒಯ್ಯಬೇಕು ಹೇಳಿ?

ಟ್ರ್ಯಾಕ್ಟರ್ ಬಂತು. ಹಗ್ಗ ಕಟ್ಟಿ ಬಸ್ಸನ್ನು ಹಿಂದಕ್ಕೆಳೆದರು. ಬಾವಿಯ ಅಂಚಿನ ಆ ಶೇಂಗಾ ಗಿಡ ಹಾಗೇ ಇತ್ತು. ಎಲ್ಲರೂ ಹತ್ತಿದೆವು. ಅದೇ ಬಸ್ಸು, ಅದೇ ಡ್ರೈವರು. ಬೇರೆ ಬಸ್ಸು ಹಿಡಿಯಬಹುದಿತ್ತಲ್ಲ ಅಂತ ತಂಗಿ ಇನ್ನೂ ಬೈಯುತ್ತಿದ್ದಾಳೆ. ಟಿಕೆಟ್ ತಗೊಂಡಾಗಿತ್ತು, ಏನು ಮಾಡಲಿ?

ಬಾನೆಟ್ ಮೇಲೆ ಶಿವಣ್ಣ ಮತ್ತೆ ಕೂತರು. ಬೋರಮ್ಮಜ್ಜಿ ಹೊಸ ಎಲೆಗೆ ಸುಣ್ಣ ಹಚ್ಚಿದಳು. ಹಿರೇಹಳ್ಳಿ ದಾಟಿತು. ನಾನು ರಸ್ತೆಯನ್ನೇ ನೋಡುತ್ತಿದ್ದೆ. ಡ್ರೈವರ್ ಬದಲಿಗೆ ನಾನೇ ಓಡಿಸುತ್ತಿದ್ದೇನೋ ಎಂಬಂತೆ ಬಲಗಾಲಿನಲ್ಲಿ ಬ್ರೇಕ್ ಒತ್ತಿ ಹಿಡಿದಿದ್ದೆ.

ಆಗ ಶುರುವಾಯಿತು.

"ಮೇಡಂ." ತಿಪ್ಪೇಸ್ವಾಮಿಯ ಧ್ವನಿ ಒದ್ದೆಯಾಗಿತ್ತು. "ಓನರ್ ಹೋದ್ರು. ಈಗ ಖರೇ ಹೇಳ್ರಿ. ಮೀಸೆ ಪ್ರಶ್ನೆ ಐತೆ. ನಮ್ಮಪ್ಪನ ಮೀಸೆನೂ ಹಿಂಗೇ ಇತ್ತು. ಹದಿನೆಂಟೇ ಅಲ್ವಾ?"

"ಎರಡು ಅಂತ ಹೇಳ್ರಿ ಮೇಡಂ," ಅಂದರು ಶಿವಣ್ಣ, ಮೊಬೈಲು ತೆಗೆದು. "ಅಳಿಯಂಗೆ ಈಗ್ಲೇ ಫೋನ್ ಹಚ್ತೀನಿ."

ಮೀಸೆಯ ಬಲತುದಿ ಮೆಲ್ಲಗೆ ನನ್ನ ಕಡೆ ತಿರುಗತೊಡಗಿತು. ಹಿಂದೆಯೇ ಕೆನ್ನೆ. ಹಿಂದೆಯೇ ಕಣ್ಣು. ಎದುರಿಗೆ ಹೊಟ್ಟು ತುಂಬಿದ ಟ್ರ್ಯಾಕ್ಟರ್ ರಸ್ತೆಯ ಮುಕ್ಕಾಲು ಭಾಗ ಹಿಡಿದುಕೊಂಡು ಬರುತ್ತಿತ್ತು. ನನ್ನ ಕಾಲ ಕೆಳಗೆ ಪಾರಿವಾಳಗಳು ರೆಕ್ಕೆ ಬಡಿದವು.

"ತಿಪ್ಪೇಸ್ವಾಮಿ," ಅಂದೆ. ತರಗತಿಯಲ್ಲಿ ಯಾವತ್ತೂ ಬಾರದ ಧ್ವನಿ ಅದು. "ನೀವು ರಸ್ತೆ ನೋಡುತ್ತಿದ್ದರೆ ಹದಿನೆಂಟು. ಈ ಕಡೆ ತಿರುಗಿದರೆ ಎರಡು."

ತಲೆ ಸಟ್ಟನೆ ಮುಂದಕ್ಕೆ ಹೋಯಿತು. ಟ್ರ್ಯಾಕ್ಟರ್ ಪಕ್ಕದಲ್ಲಿ ಉಜ್ಜಿಕೊಂಡು ದಾಟಿಹೋಯಿತು. ಹೊಟ್ಟಿನ ಧೂಳು ಕಿಟಕಿಯಿಂದ ಒಳಗೆ ಬಂತು.

"ಇದ್ಯಾವ ನ್ಯಾಯ ಮೇಡಂ?" ಶಿವಣ್ಣ ಅರೆದನಿಯಲ್ಲಿ ಅಂದರು. "ನನ್ನ ಗತಿ?"

"ನಿಮಗೆ ಫೋನ್ ಬೇಕಾ, ಬಾವಿ ಬೇಕಾ?"

ಅವರು ಬಹಳ ಹೊತ್ತು ಮೊಬೈಲನ್ನು ಅಂಗೈಯಲ್ಲಿ ತಿರುಗಿಸಿದರು. ಕೊನೆಗೆ ಫೋನ್ ಹಚ್ಚಿದರು. ಇಡೀ ಬಸ್ಸು ಕಿವಿಯಾಯಿತು.

"ಅಳಿಯಂದ್ರೇ, ನಾನು. ಆ ಲೆಕ್ಕದ ವಿಚಾರ. ಇಲ್ಲಿ ಒಬ್ರು ಕಾಲೇಜಿನ ಮೇಡಂ ಅದಾರೆ, ದೊಡ್ಡೋರು. ನಾನೂ ಯೋಚ್ನೆ ಮಾಡ್ದೆ. ಪ್ರಶ್ನೆನೇ ತಪ್ಪಂತೆ ಕಣ್ರಿ."

ಅಷ್ಟು ಜನರಲ್ಲಿ ನನ್ನ ಉತ್ತರವನ್ನು ಒಪ್ಪಿದವರು ಅವರೊಬ್ಬರೇ. ಸೋಲುವ ಹೊತ್ತಿಗೆ ಗಣಿತ ಎಷ್ಟು ಚೆನ್ನಾಗಿ ಅರ್ಥವಾಗುತ್ತದೆ ನೋಡಿ.

ಆದರೆ ಆ ಮಾತು ತಿಪ್ಪೇಸ್ವಾಮಿಯ ಕಿವಿಗೂ ಬಿತ್ತು. ಮೀಸೆಯ ತುದಿ ಮತ್ತೆ ಅಲುಗಾಡಿತು.

"ಹದಿನೆಂಟು," ಅಂದೆ ನಾನು ತಕ್ಷಣ. "ಹದಿನೆಂಟು, ತಿಪ್ಪೇಸ್ವಾಮಿ. ಹದಿನೆಂಟೇ. ಮುಂದೆ ನೋಡಿ." ಬಸ್ ಸ್ಟ್ಯಾಂಡ್ ಬರುವವರೆಗೂ ಜಪದ ಹಾಗೆ ಅದನ್ನೇ ಹೇಳುತ್ತಾ ಹೋದೆ. ಬೋರಮ್ಮಜ್ಜಿಯೂ ದನಿ ಸೇರಿಸಿದಳು, ತೆಲುಗಿನಲ್ಲಿ.

ಇದು ಗಣಿತವಲ್ಲ ಅನ್ನುತ್ತೀರಾ? ಇರಬಹುದು. ಆದರೆ ಮೊಳಕಾಲ್ಮೂರು ಬಂತಲ್ಲ?